ಕಳಲೆಗೆ ಶಿಪ್ಪಿಂಗ್ ನೂರೈವತ್ತು

ನಂಜನಗೂಡು
9 ಜೂನ್ 2025

ಶ್ವೇತ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು ಕಣವ್ವ. ಕಪಿಲೆಯಲ್ಲಿ ನೀರು ಬಂದಿದೆ. ನಾನು ನಿನ್ನ ಪುಸ್ತಕದ ಪಾರ್ಸಲನ್ನು ಎದೆಗೆ ಅವುಚಿಕೊಂಡು ಸೇತುವೆ ಮೇಲೆ ಹೋಗುತ್ತಿದ್ದೇನೆ. ಕೈಜಾರಿ ಹೊಳೆಗೆ ಬಿತ್ತು. ಮುಳುಗಿದ್ದರೆ ಚೆನ್ನಾಗಿತ್ತು, ಮುಳುಗಲಿಲ್ಲ. ನರಸೀಪುರದ ಕಡೆಗೆ, ನೀನಿರುವ ಕಡೆಗೇ ತೇಲಿಕೊಂಡು ಹೊರಟಿತು. ದಡದಲ್ಲಿ ನಿಮ್ಮಣ್ಣ ಅಮೃತೇಶ ಅದರ ಜೊತೆಜೊತೆಗೇ ನಡೆಯುತ್ತಿದ್ದಾನೆ. ಓಡುತ್ತಿಲ್ಲ, ನಿಧಾನ. ಪಾರ್ಸಲಿನ ಮೇಲಿನ ವಿಳಾಸ ಓದಿಕೊಂಡು ನಡೆಯುತ್ತಿದ್ದಾನೆ. ಎಚ್ಚರವಾಯಿತು. ಎದ್ದು ಚಿಲಕ ಹಾಕಿದ್ದೇನೋ ಇಲ್ಲವೋ ಅಂತ ಎರಡು ಸಲ ನೋಡಿ ಬಂದೆ.

ಸಮಾಚಾರ ಹೇಳುತ್ತೇನೆ. ನೀನು ಓದು ಮುಂದುವರಿಸುವುದು ಬೇಡ ಅಂತ ಮನೆಯಲ್ಲಿ ಅಂದಾಗ ನನ್ನ ಹೊಲಿಗೆ ಅಂಗಡಿಯ ಅಟ್ಟದಲ್ಲಿ ಬಚ್ಚಿಟ್ಟಿದ್ದ ಪುಸ್ತಕಗಳೆಲ್ಲ ಇಲಿ ಮುಟ್ಟದೆ ಹಾಗೇ ಇವೆ. ಮಾರಿ ದುಡ್ಡು ಕಳಿಸಿ ಅಂತ ನೀನು ಬರೆದ ಮೇಲೆ, ಪಕ್ಕದ ಜೆರಾಕ್ಸ್ ಅಂಗಡಿಯ ಶಾಂತಿ ಒಂದೊಂದರ ಫೋಟೋ ತೆಗೆದು, ನನ್ನ ಫೋನಿನಲ್ಲಿ ಹಳೇ ಪುಸ್ತಕ ಮಾರುವ ಜಾಗಕ್ಕೆ ಹಾಕಿಕೊಟ್ಟಳು. ಮೇ ತಿಂಗಳಲ್ಲಿ ನೀನು ಅಲ್ಲಿಂದ ಕಳಿಸಿದ ಎರಡು ಪುಸ್ತಕವೂ ಬಂದವು. ಸುತ್ತಿದ್ದ ಖಾಕಿ ಕಾಗದ ಗಟ್ಟಿ ಇತ್ತು, ಮಡಚಿ ಮಿಷಿನ್ನಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಮೂರು ಪುಸ್ತಕ ಹೋದವು, ದುಡ್ಡು ಮನಿಯಾರ್ಡರ್ ಮಾಡಿದ್ದೇನೆ. ಆದರೆ ಜನ ಶಿಪ್ಪಿಂಗಿಗೇ ಮೂಗು ಮುರಿಯುತ್ತಾರೆ. ಪುಸ್ತಕ ಅರವತ್ತು, ಶಿಪ್ಪಿಂಗ್ ಎಪ್ಪತ್ತು. ಹಾಸನದವರೊಬ್ಬರು, "ಹೆಣ್ಣಿನ ಸೀರೆಗಿಂತ ದಿಬ್ಬಣದ ಬಸ್ಸಿಗೇ ಜಾಸ್ತಿ ಕೇಳ್ತೀರಲ್ಲ ಮೇಡಂ" ಅಂತ ಬರೆದು ಬೇಡ ಅಂದರು. ನಾನೇನು ಮಾಡಲಿ? ಅರ್ಧ ಕಿಲೋ ದಾಟಿದರೆ ರೇಟು ಒಂದೇ ನೆಗೆತಕ್ಕೆ ಮೇಲೆ ಹೋಗುತ್ತದೆ. ಅವರಿಗೆ ಹೇಳಿದರೆ ನಾನೇ ನುಂಗುತ್ತೇನೆ ಅಂದುಕೊಳ್ಳುತ್ತಾರೆ.

ಈಗ ನಿಜವಾದ ವಿಷಯ. ನಿನ್ನೆ ಒಂದು ಆರ್ಡರ್ ಬಂದಿದೆ. ಮಕ್ಕಳ ಮನಸ್ಸಿನ ಬಗ್ಗೆ ಇರುವ ಬಿ.ಎಡ್ ಪುಸ್ತಕ. ತೀರಿಹೋದ ನಿಮ್ಮವ್ವನ ರವಿಕೆ ಹೊಲಿದು ಮಿಕ್ಕ ನೀಲಿ ಚೂರಿನಲ್ಲಿ ಅದಕ್ಕೆ ಹೊದಿಕೆ ಹೊಲಿದುಕೊಟ್ಟಿದ್ದೆನಲ್ಲ, ಅದೇ. ಕೊಳ್ಳುವವರ ಹೆಸರು ದೊಡ್ಡಸಿದ್ದಯ್ಯ. ಊರು ಕಳಲೆ.

ನಿಮ್ಮಪ್ಪನ ಹೆಸರು ಅದು, ಶ್ವೇತ. ಆದರೆ ಒತ್ತಿರುವ ಬೆರಳು ಯಾರದು? ಮನೆಯವರನ್ನು ಮೀರಿ ಪ್ರೇಮ್‌ಕುಮಾರ್‌ನ ಮದುವೆಯಾದೆ ಅಂತ ಅಮೃತೇಶ ನಿಮ್ಮ ಮೈಸೂರಿನ ಮನೆ ಮುಂದೆ ನಾಲ್ಕು ಜನರನ್ನು ಕಟ್ಟಿಕೊಂಡು ನಿಂತಿದ್ದನಲ್ಲ, ಅವತ್ತಿನಿಂದ ನೀವು ಊರು ಬಿಟ್ಟು ಊರಿಗೆ ಹೋಗಿ, ಫೋನ್ ನಂಬರೂ ಬದಲಿಸಿ, ಕಾಗದ ಮಾತ್ರ ಬರೀರಿ ಅಂದಿರಿ. ಈಗ ಇದು. ಕಳಿಸಲೋ ಬೇಡವೋ? ಬೇಗ ಬರಿ. ಏಳನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಶಿವನಂಜಮ್ಮ


ತಿ. ನರಸೀಪುರ
14 ಜೂನ್ 2025

ಶಿವನಂಜಕ್ಕನಿಗೆ ನಮಸ್ಕಾರ.

ಅದು ಅಪ್ಪ ಅಲ್ಲ. ಅಪ್ಪನಿಗೆ ಫೋನಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟು ಬೇರೇನೂ ಗೊತ್ತಿಲ್ಲ. ನಾನು ಟೀಚರ್ ಆಗಲು ಬರೆಯಬೇಕಿದ್ದ ಟಿಇಟಿ ಪರೀಕ್ಷೆಯ ಅರ್ಜಿಯನ್ನು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದ ಮನುಷ್ಯ ನನ್ನ ಪುಸ್ತಕಕ್ಕೆ ದುಡ್ಡು ಕೊಡುತ್ತಾರಾ? ಇದು ಅಣ್ಣನ ಕೆಲಸ. ಪುಸ್ತಕದ ದಾರಿ ಹಿಡಿದು ನನ್ನ ಹತ್ತಿರ ಬರಬೇಕು ಅಂತಿದ್ದಾನೆ.

ನೀವು ಬೇಡ ಅಂದರೆ ಅನುಮಾನ ಬರುತ್ತದೆ, ಅಂಗಡಿಗೇ ಬರುತ್ತಾನೆ. ಇದೊಂದು ಕಳಿಸಿಬಿಡಿ. ಆಮೇಲೆ ಉಳಿದ ಎಲ್ಲಾ ಪುಸ್ತಕಕ್ಕೂ ಶಿಪ್ಪಿಂಗ್ ನೂರೈವತ್ತು ಮಾಡಿ. ಅಣ್ಣ ಬೀಡಿ ಅಂಗಡಿಯಲ್ಲೂ ಎರಡು ರೂಪಾಯಿಗೆ ಚೌಕಾಸಿ ಮಾಡುವವನು. ಐದಾರು ಕಿಲೋಮೀಟರಿಗೆ ನೂರೈವತ್ತು ಕೊಡುವುದಿಲ್ಲ, ತಾನಾಗಿ ಬಿಡುತ್ತಾನೆ.

ನಾವು ಚೆನ್ನಾಗಿದ್ದೇವೆ. ಪ್ರೇಮ್‌ಗೆ ವೈರಿಂಗ್ ಕೆಲಸ ಸಿಗುತ್ತಿದೆ. ನನಗೂ ಇಲ್ಲಿನ ಒಂದು ಶಾಲೆಯಲ್ಲಿ ಬನ್ನಿ ಅಂದಿದ್ದಾರೆ. ಚಿಂತೆ ಮಾಡಬೇಡಿ.

ನಿಮ್ಮ ಶ್ವೇತ


ನಂಜನಗೂಡು
23 ಜೂನ್ 2025

ಶ್ವೇತ,

ನೀನು ಹೇಳಿದ ಹಾಗೇ ಮಾಡಿದೆ, ಹೇಳಿದ ಹಾಗೆ ಆಗಲಿಲ್ಲ.

ಮೊದಲನೆಯದನ್ನು ಕಳಿಸಿದೆ. ಅದನ್ನು ಕಟ್ಟುವುದರಲ್ಲಿ ಅರ್ಧ ದಿನ ಹೋಯಿತು. ಸಣ್ಣಯ್ಯನ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ಐನೂರ ಹನ್ನೆರಡು ಗ್ರಾಂ. ಬಟ್ಟೆಯ ಹೊದಿಕೆ ಬಿಚ್ಚೋಣ ಅಂದರೆ ಫೋಟೋದಲ್ಲಿ ಇತ್ತು, ಇಲ್ಲಿಲ್ಲ ಅಂದರೆ ಕಷ್ಟ. ರಟ್ಟು ತೆಗೆದೆ, ಟೇಪು ಕಡಿಮೆ ಮಾಡಿದೆ. ಆದರೂ ಐನೂರ ನಾಲ್ಕು. ಸಣ್ಣಯ್ಯ, "ಏನಕ್ಕ, ಚಿನ್ನ ತೂಗ್ದಂಗೆ ತೂಗ್ತೀಯ, ನನ್ ಗಿರಾಕಿ ಎಲ್ಲಾ ಓಯ್ತಾವ್ರೆ" ಅಂತ ರೇಗಿದ. ಕೊನೆಗೆ ಹಳೇ ಕಾಗದವನ್ನು ಒಳಮಗ್ಗುಲು ಹೊರಗೆ ಮಾಡಿ ಸುತ್ತಿ, ಮಿಕ್ಕ ಅಂಚನ್ನು ಬಟ್ಟೆ ಕತ್ತರಿಯಲ್ಲಿ ಕತ್ತರಿಸಿದೆ. ನಾನೂರ ತೊಂಬತ್ತೆಂಟಕ್ಕೆ ನಿಂತಿತು. ಹೊರಗಿನ ವಿಳಾಸವನ್ನು ನಾಲ್ಕು ಸಲ ಓದಿಕೊಂಡೇ ಅಂಚೆಗೆ ಕೊಟ್ಟೆ. ಅದು ಮೈಸೂರಿಗೆ ಹೋಗಿ, ಅಲ್ಲಿಂದ ತಿರುಗಿ ಇಲ್ಲಿಗೇ ಬಂದು, ಆಮೇಲೆ ಕಳಲೆಗೆ ಹೋಗಿದೆ. ಶಾಂತಿ ಫೋನಿನಲ್ಲಿ ತೋರಿಸಿದಳು. ಮನೆಯ ಹಿತ್ತಲಿಗೆ ಹೋಗಲು ಊರು ಸುತ್ತಿದ ಹಾಗೆ.

ಆಮೇಲೆ ಎಲ್ಲಕ್ಕೂ ನೂರೈವತ್ತು ಮಾಡಿಸಿದೆ. ಶಾಂತಿ ನಕ್ಕಳು, "ಈ ರೇಟಿಗೆ ಯಾರ್ ತಕತಾರೆ ಶಿವನಂಜಮ್ಮ, ತಲೆ ಕೆಟ್ಟಿದ್ದಾ?" ಅಂದಳು. ಹೌದು, ಯಾರೂ ತೆಗೆದುಕೊಳ್ಳುತ್ತಿಲ್ಲ. ಮಂಡ್ಯದವರು ಬಿಟ್ಟರು, ತುಮಕೂರಿನವರು ಬಿಟ್ಟರು.

ಕಳಲೆಯವರು ಬಿಡಲಿಲ್ಲ. ಮಾರನೇ ದಿನವೇ ಇನ್ನೊಂದು ಪುಸ್ತಕ, ನೂರೈವತ್ತೂ ಕಟ್ಟಿದ್ದಾರೆ. ಒಂದು ಮಾತು ಕೇಳಿಲ್ಲ, ಚೌಕಾಸಿ ಇಲ್ಲ. ಅದೇ ನನಗೆ ಹೆದರಿಕೆ. ಜಗಳ ಆಡಿದ್ದರೆ ನಿದ್ದೆ ಬರುತ್ತಿತ್ತು. ಬೇಲಿ ಹಾಕೋಣ ಅಂತ ಹೋದೆವು, ಈಗ ಬೇಲಿಯೊಳಗೆ ಅವರೊಬ್ಬರೇ ಉಳಿದಿದ್ದಾರೆ.

ಮುಂದೇನು ಮಾಡಲಿ?

ಶಿವನಂಜಮ್ಮ


ತಿ. ನರಸೀಪುರ
30 ಜೂನ್ 2025

ಅಕ್ಕ,

ಪ್ರೇಮ್‌ಗೆ ಹೇಳಿದೆ. ಎಲ್ಲಾ ತೆಗೆಸಿಬಿಡಿ ಅಂದರು. ನಾನೂ ಅದನ್ನೇ ಬರೆಯಲು ಕೂತೆ. ಆದರೆ ಈಗ ದುಡ್ಡು ಬೇಕಾಗಿದೆ. ಕಳಿಸುತ್ತಿರಿ. ನಿಮ್ಮ ಅಂಗಡಿಯ ವಿಳಾಸ ಹೇಗೂ ಅವನಿಗೆ ಗೊತ್ತು, ನನ್ನದು ಗೊತ್ತಾಗದಿದ್ದರೆ ಸಾಕು. ಪಾರ್ಸಲಿನಲ್ಲಿ ನನ್ನ ಹೆಸರಿನ ಒಂದು ಚೀಟಿಯೂ ಇರದ ಹಾಗೆ ನೋಡಿಕೊಳ್ಳಿ. ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಕೊಡವಿ.

ನನ್ನ ಹಸಿರು ರವಿಕೆ ಎರಡು ನಿಮ್ಮಲ್ಲಿ ಉಳಿದಿವೆಯಲ್ಲ, ಪಕ್ಕದ ಹೊಲಿಗೆ ಎರಡು ಇಂಚು ಬಿಡಿಸಿ ಕಳಿಸುತ್ತೀರಾ? ಇಲ್ಲಿನ ನೀರಿಗೆ ಸ್ವಲ್ಪ ದಪ್ಪ ಆಗಿದ್ದೇನೆ.

ಶ್ವೇತ


ನಂಜನಗೂಡು
17 ಜುಲೈ 2025

ಶ್ವೇತ,

ಇಷ್ಟು ದಿನ ಬರೆಯಲಿಲ್ಲ ಅಂತ ಬೇಸರ ಮಾಡಿಕೊಂಡಿರುತ್ತೀಯ. ಮೂರು ಸಲ ಬರೆದು ಹರಿದೆ. ಬರೆದರೆ ನೀನು ಹೆದರುತ್ತೀಯ, ಬರೆಯದಿದ್ದರೆ ನಾನು ನಿನಗೆ ಮೋಸ ಮಾಡಿದ ಹಾಗೆ.

ಇದೇ ತಿಂಗಳು ಎರಡನೇ ತಾರೀಕು ಅಮೃತೇಶ ಅಂಗಡಿಗೆ ಬಂದಿದ್ದ. ಜೊತೆಯಲ್ಲಿ ಅವನ ಸ್ನೇಹಿತ ಮದನ. ಬಂದವನು ಸ್ಟೂಲ್ ಎಳೆದುಕೊಂಡು ಕೂತ.

"ಏನ್ ಶಿವನಂಜಮ್ಮ, ಎಂಗದೆ ಯಾಪಾರ? ನಿನ್ ಶಿಷ್ಯೆ ಫೋನ್ ಗೀನ್ ಮಾಡುದ್ಲಾ?"

"ನನ್ಗ್ಯಾಕಪ್ಪ ಮಾಡ್ತಳೆ? ರವಿಕೆ ಒಲಿಸ್ಕಳಕೆ ಬತ್ತಿದ್ಲು, ಓದ್ಲು."

"ಕೊಡಿಲ್ಲಿ ಫೋನ."

ಕೊಟ್ಟೆ. ಬೇಡ ಅನ್ನುವ ಧೈರ್ಯ ಎಲ್ಲಿಂದ ತರಲಿ? ಯಾರ‍್ಯಾರು ಫೋನ್ ಮಾಡಿದ್ದಾರೆ ಅಂತ ಮೇಲಿಂದ ಕೆಳಗೆ ನೋಡಿದ. ಪುಸ್ತಕ ಮಾರುವ ಜಾಗಕ್ಕೆ ಹೋಗಲಿಲ್ಲ. ಹೋಗಿದ್ದರೆ ನಿಮ್ಮಪ್ಪನ ಹೆಸರು ನಾಲ್ಕು ಸಾಲಿನಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ಕತ್ತರಿ ಎಲ್ಲೋ ಹೋಗಿ ಮಹದೇವಮ್ಮನವರ ರೇಷ್ಮೆ ರವಿಕೆಯ ತೋಳು ಅಡ್ಡಕ್ಕೆ ಕತ್ತರಿಸಿಹೋಯಿತು.

ಫೋನ್ ವಾಪಸ್ ಎಸೆದು ಮದನನ ಕಡೆ ತಿರುಗಿ ಅಂದ: "ನಮ್ಮಪ್ಪುಂಗೂ ಏನೋ ಇಡ್ಕಂಡದೆ ಕಣ್ಲಾ. ಪೋಸ್ಟಲ್ಲಿ ಪಾರ್ಸಲ್ ತರುಸ್ಕತನೆ. ಇಸ್ಕಂಡು ಬೀರು ಒಳಕ್ಕೆ ಇಟ್ಟು ಬೀಗ ಜಡೀತನೆ. ಕೇಳುದ್ರೆ ಹಸೀನ ಔಸ್ದಿ ಅಂತನೆ."

"ನಿಮ್ ಹಸ ಭಾರಿ ಓದಿರ್ಬೇಕು ಬುಡ್ಲಾ, ಪೋಸ್ಟಲ್ಲಿ ಔಸ್ದಿ ತರುಸ್ಕತದೆ" ಅಂದ ಮದನ. ಇಬ್ಬರೂ ನಕ್ಕರು. ನಾನೂ ನಕ್ಕೆ ಶ್ವೇತ, ನಗದಿದ್ದರೆ ಅನುಮಾನ ಬರುತ್ತದಲ್ಲ.

ಅವರು ಹೋದ ಮೇಲೆ ಕೂತು ಯೋಚನೆ ಮಾಡಿದೆ. ಹಾಗಾದರೆ ಕೊಳ್ಳುತ್ತಿರುವುದು ಅವನಲ್ಲ. ನಿಮ್ಮಪ್ಪನೇ. ಮಗನಿಗೆ ಗೊತ್ತಾಗದ ಹಾಗೆ ಬಚ್ಚಿಡುತ್ತಿದ್ದಾರೆ. ಯಾಕೆ ಅಂತ ಮಾತ್ರ ನನ್ನ ತಲೆಗೆ ಹೊಳೆಯುತ್ತಿಲ್ಲ. ಒಳ್ಳೆಯದಕ್ಕೋ, ಸುಟ್ಟು ಹಾಕುವುದಕ್ಕೋ? ಸುಡುವವರು ಬೀಗ ಯಾಕೆ ಹಾಕುತ್ತಾರೆ?

ಇಲ್ಲಿಯವರೆಗೆ ಆರು ಪುಸ್ತಕ ಅವರೇ ತೆಗೆದುಕೊಂಡರು. ಅಟ್ಟದಲ್ಲಿ ಇನ್ನು ಎರಡು ಇವೆ.

ರವಿಕೆ ಬೇರೆ ಪಾರ್ಸಲಿನಲ್ಲಿ ಕಳಿಸಿದ್ದೇನೆ. ಎರಡು ಇಂಚು ಅಂದಿದ್ದೆ, ನಾನು ಮೂರು ಬಿಡಿಸಿದ್ದೇನೆ, ಒಳಗೆ ಇನ್ನೂ ಒಂದಿಂಚು ಬಟ್ಟೆ ಮಡಚಿದೆ. ಇಪ್ಪತ್ತೆರಡು ವರ್ಷದಿಂದ ಹೆಂಗಸರ ಅಳತೆ ತೆಗೆಯುತ್ತಿದ್ದೇನೆ ಕಣೇ. ನೀರಿಗೆ ದಪ್ಪ ಆಗುವವರು ತೋಳನ್ನೂ ಬಿಡಿಸಿ ಅಂತಾರೆ. ಎಷ್ಟು ತಿಂಗಳು?

ಶಿವನಂಜಮ್ಮ


ತಿ. ನರಸೀಪುರ
26 ಜುಲೈ 2025

ಅಕ್ಕ,

ಐದು ತಿಂಗಳು. ಹೇಳಬೇಕು ಅಂತಲೇ ಇದ್ದೆ. ಹೇಳಿದರೆ ನೀವು ಬಸ್ಸು ಹತ್ತಿ ಬಂದುಬಿಡುತ್ತೀರಿ, ನಿಮ್ಮ ಹಿಂದೆ ಯಾರು ಬರುತ್ತಾರೋ ಅಂತ ಸುಮ್ಮನಿದ್ದೆ. ಶಾಲೆಯವರು ಬನ್ನಿ ಅಂದಿದ್ದು ನಿಜ. ವಿಷಯ ಗೊತ್ತಾದ ಮೇಲೆ ಹೆರಿಗೆ ಮುಗಿಸಿಕೊಂಡು ನೋಡೋಣ ಅಂದರು. ಅದನ್ನೂ ಬರೆದಿರಲಿಲ್ಲ.

ಅಪ್ಪನ ವಿಷಯಕ್ಕೆ ನೀವು ಕರಗಬೇಡಿ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹಸುವಿನ ಔಷಧಿ ಅಂದರಂತೆ ಅನ್ನುವ ಸಾಲನ್ನು ಎರಡೆರಡು ಸಲ ಓದಿದೆ. ಆದರೆ ಅವತ್ತು ಅಣ್ಣ ಮೈಸೂರಿಗೆ ಹೊರಟಾಗ ಅಪ್ಪ ಜಗುಲಿಯ ಮೇಲೇ ಇದ್ದರು. ಬೇಡ ಅನ್ನಲಿಲ್ಲ. ಬೇಡ ಅನ್ನದವರು ಈಗ ಪುಸ್ತಕ ಕೊಂಡರೆ ನನಗೆ ಏನು ಗೊತ್ತಾಗಬೇಕು? ಬೀಗದೊಳಗೆ ಇಟ್ಟಿದ್ದನ್ನು ಒಂದು ದಿನ ಅಣ್ಣ ಒಡೆಯುತ್ತಾನೆ. ಆಗ ನೀವು ಸಿಕ್ಕಿಕೊಳ್ಳುತ್ತೀರಿ.

ಪ್ರೇಮ್ ಮನೆ ಬದಲಿಸೋಣ ಅನ್ನುತ್ತಿದ್ದಾರೆ. ಈ ಹೊಟ್ಟೆ ಹೊತ್ತುಕೊಂಡು ಇನ್ನೊಂದು ಮನೆ. ನೋಡಬೇಕು.

ಟಿಇಟಿ ಗೈಡೂ ಮಾರಿಬಿಡಿ. ಅದನ್ನು ಮಾತ್ರ ಇಟ್ಟುಕೊಂಡಿರಿ ಅಂತ ಮೊದಲು ಹೇಳಿದ್ದೆ. ಇನ್ನು ಬೇಡ. ನಾನು ಆ ಪರೀಕ್ಷೆ ಬರೆಯುವುದಿಲ್ಲ.

ಶ್ವೇತ


ನಂಜನಗೂಡು
11 ಆಗಸ್ಟ್ 2025

ಶ್ವೇತ,

ಈ ಕಾಗದವನ್ನು ಕೂತುಕೊಂಡು ಓದು. ನೀರು ಕುಡಿದು ಓದು. ಪ್ರೇಮ್‌ಕುಮಾರ್ ಕೆಲಸದಿಂದ ಬಂದಿದ್ದರೆ ಅವರನ್ನೂ ಕೂರಿಸಿಕೊ.

ಕಳೆದ ಮಂಗಳವಾರ ಏಳನೇ ಪುಸ್ತಕವನ್ನು ಸಣ್ಣಯ್ಯನ ತಕ್ಕಡಿಯಲ್ಲಿ ಇಟ್ಟು ನಿಂತಿದ್ದೆ. ಹಿಂದಿನಿಂದ ಯಾರೋ, "ಅದು ಕಳಲೆಗಾ?" ಅಂದರು. ತಿರುಗಿದರೆ ನಿಮ್ಮಪ್ಪ. ಹಿಂಡಿ ಕೊಳ್ಳಲು ಬಂದಿದ್ದರು. ಗಡ್ಡ ಬಿಟ್ಟಿದ್ದಾರೆ, ಇಳಿದುಹೋಗಿದ್ದಾರೆ.

"ಊಂ ಯಜಮಾನ್ರೆ."

"ಅಲ್ಲ ಕಣವ್ವ, ಬುಕ್ಕು ಅರವತ್ತು, ಕಳಿಸಕ್ಕೆ ನೂರೈವತ್ತಾ? ಕಳಲೆ ಏನ್ ಡೆಲ್ಲೀಲದಾ? ಆಟೋದವ್ನು ಇಪ್ಪತ್ತು ರುಪಾಯ್ಗೆ ಮನೆ ಬಾಗ್ಲಿಗೆ ಬುಡ್ತನೆ."

ಸಣ್ಣಯ್ಯ ಮಧ್ಯೆ ಬಾಯಿ ಹಾಕಿ, "ಆ ಇಪ್ಪತ್ತು ನನ್ಗೇ ಕೊಡಿ, ತಲೆ ಮೇಲೆ ಒತ್ಕಂಡ್ ಬತ್ತೀನಿ" ಅಂತ ನಕ್ಕು ಹಿಂಡಿ ಮೂಟೆ ತರಲು ಒಳಗೆ ಹೋದ.

ನಾನು, "ತಕಳಿ ಯಜಮಾನ್ರೆ, ಕೈಗೇ ಕೊಟ್ಬುಡ್ತೀನಿ, ಆ ದುಡ್ಡೂ ವಾಪಸ್ ಕೊಡ್ತೀನಿ" ಅಂದೆ.

ಕೈ ಚಾಚಿದರು ಶ್ವೇತ. ಅರ್ಧದವರೆಗೆ ಬಂದ ಕೈಯನ್ನು ಹಾಗೇ ಟವಲಿಗೆ ಒರೆಸಿಕೊಂಡರು.

"ಬ್ಯಾಡ. ಅಂಚೇಲೇ ಬರ್ಲಿ. ಕೈಲಿ ಇಸ್ಕಂಡ್ರೆ, ಎಂಗವ್ಳೆ ಅಂತ ಕೇಳ್ಬೇಕಾಯ್ತದೆ. ಕೇಳುದ್ರೆ ನೀ ಏಳ್ಬೇಕಾಯ್ತದೆ. ನೂರೈವತ್ತು ಕಟ್ಟುದ್ರೆ ಇಬ್ರುಗೂ ಆ ಕಷ್ಟ ಇಲ್ಲ."

ಮತ್ತೆ ಅವರೇ ಅಂದರು: "ಅವ್ಳವ್ವುನ್ ರವಿಕೆ ಬಟ್ಟೆ ಅಂತ ಫೋಟೋದಲ್ಲೇ ಗೊತ್ತಾಯ್ತು ಅಂತ ಏಳು ಅವ್ಳಿಗೆ. ಆ... ಬ್ಯಾಡ ಬುಡು, ಏಳ್ಬ್ಯಾಡ." ಫೋನಿನಲ್ಲಿ ಆ ಫೋಟೋ ಕಂಡು ತೋರಿಸಿದ್ದು, ಒತ್ತಿಕೊಡುವುದು ಎಲ್ಲಾ ನಿನ್ನ ಚಿಕ್ಕಪ್ಪನ ಮಗಳು ರಮ್ಯ ಅಂತೆ. ಅವಳು ಬಾಯಿ ಬಿಡುವುದಿಲ್ಲ ಅಂದರು. ಹದಿನೇಳು ವರ್ಷದ ಹುಡುಗಿಯ ಬಾಯಿ, ನಾನು ಹೇಗೆ ನಂಬಲಿ? ಮೂಟೆ ಹೊತ್ತು ಬಂದ ಸಣ್ಣಯ್ಯ, ಮಾತು ಅಲ್ಲಿಗೇ ನಿಂತಿತು.

ಇದಿಷ್ಟೇ ಆಗಿದ್ದರೆ ಸಂತೋಷವಾಗಿ ಬರೆಯುತ್ತಿದ್ದೆ. ಗುರುವಾರ ಕೊನೆಯ ಆರ್ಡರ್ ಬಂತು. ನಿನ್ನ ಟಿಇಟಿ ಗೈಡು. ನೂರೈವತ್ತೂ ಕಟ್ಟಿದ್ದಾರೆ. ಆದರೆ ತಲುಪಿಸಬೇಕಾದ ಊರು ಕಳಲೆ ಅಲ್ಲ. ತಿ. ನರಸೀಪುರ. ನಿನ್ನ ಹೆಸರು, ನಿನ್ನ ಬೀದಿ, ನೀನು ಗುರುತಿಗೆ ಬರೆಯುವ ಆ ಹಿಟ್ಟಿನ ಗಿರಣಿ, ಪಿನ್‌ಕೋಡು, ಎಲ್ಲಾ ಸರಿಯಾಗಿ ಇದೆ. ಮನೆ ನಂಬರ್ ಅನ್ನುವ ಜಾಗ ಮಾತ್ರ ಖಾಲಿ. ಕೆಳಗೆ ಒಂದು ಸಾಲು ಬರೆಸಿದ್ದಾರೆ: "ಮನೆ ನಂಬರು ನನಗೆ ಗೊತ್ತಿಲ್ಲ. ಪುಸ್ತಕ ಯಾರದೋ ಅವರು ಒಪ್ಪಿದರೆ ಹಾಕಿ."

ಅವರಿಗೆ ಹೇಗೆ ಗೊತ್ತಾಯಿತು? ನಾನು ಯಾರಿಗೂ ಬಾಯಿ ಬಿಟ್ಟಿಲ್ಲ, ದೇವರಾಣೆ. ಆಮೇಲೆ ನೆನಪಾಗಿ ಮಿಷಿನ್ನಿನ ಕೆಳಗೆ ನೋಡಿದೆ. ನಿನ್ನ ಖಾಕಿ ಕಾಗದ ಇರಲಿಲ್ಲ. ಮೊದಲನೇ ಪುಸ್ತಕಕ್ಕೆ ಮಗುಚಿ ಸುತ್ತಿದ್ದು ಅದನ್ನೇ. ಹೊರಗಿನ ವಿಳಾಸ ನಾಲ್ಕು ಸಲ ಓದಿದೆನಲ್ಲ, ಒಳಮಗ್ಗುಲಲ್ಲಿ "ಇಂದ" ಅಂತ ನೀನು ಬರೆದಿದ್ದನ್ನು ನೋಡಲೇ ಇಲ್ಲ. ಪಾರ್ಸಲ್ ಬಿಚ್ಚಿದವರಿಗೆ ಮೊದಲು ಕಂಡಿದ್ದೇ ಅದು.

ನನ್ನನ್ನು ಬೈದುಕೊ. ನಾನೇ ನಾಲ್ಕು ದಿನದಿಂದ ಬೈದುಕೊಳ್ಳುತ್ತಿದ್ದೇನೆ.

ಚಿಂದಿ ಬಟ್ಟೆಯ ಚೀಲವನ್ನು ನೆಲಕ್ಕೆ ಸುರಿದು ಹುಡುಕಿದೆ. ಕತ್ತರಿಸಿದ ಆ ಅಂಚು ಸಿಕ್ಕಿತು. ಬೆರಳಗಲ ಇದೆ. ನೀನು ಮನೆ ನಂಬರ್ ಮರೆತು ಆಮೇಲೆ ಅಂಚಿನಲ್ಲಿ ಸೇರಿಸಿದ್ದೆ ಅಂತ ಕಾಣುತ್ತದೆ, ಅದಷ್ಟೇ ಇದರಲ್ಲಿ ಉಳಿದಿದೆ. ಅರ್ಧ ಕಿಲೋದೊಳಗೆ ಬರಲಿ ಅಂತ ಕತ್ತರಿಸಿದ್ದು. ನಿನ್ನ ಬಾಗಿಲು ನನ್ನ ಚಿಂದಿ ಚೀಲದಲ್ಲಿ ಇತ್ತು.

ಅಂದರೆ ಜೂನ್ ತಿಂಗಳಿನಿಂದ ನಿನ್ನ ಊರು, ಬೀದಿ ಎರಡೂ ಅವರಿಗೆ ಗೊತ್ತು. ಬೀದಿಗೆ ಬಂದು ಗಿರಣಿಯವರನ್ನು ಕೇಳಿದ್ದರೆ ಐದು ನಿಮಿಷದ ಕೆಲಸ. ಬರಲಿಲ್ಲ. ಮಗನಿಗೆ ಹೇಳಿಲ್ಲ, ಹೇಳಿದ್ದರೆ ಅವನು ನನ್ನ ಫೋನಿಗೆ ಕೈ ಚಾಚುತ್ತಿರಲಿಲ್ಲ. ಇದನ್ನು ನಾನು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ. ಮರುಗಳಿಗೆ ಬೀರುವಿನ ಬೀಗ ನೆನಪಾಗುತ್ತದೆ. ಆ ಕಾಗದ ಈಗಲೂ ಅದರೊಳಗೇ ಇದ್ದರೆ, ಅಮೃತೇಶ ಒಂದು ದಿನ ಒಡೆದರೆ? ಮನೆ ಬದಲಿಸುವುದಿದ್ದರೆ ಬದಲಿಸಿ ಶ್ವೇತ. ನಾನು ಬೇಡ ಅನ್ನುವುದಿಲ್ಲ. ಸಾಮಾನು ಸಾಗಿಸುವ ಖರ್ಚು ನನ್ನದು, ತಪ್ಪು ನನ್ನದು.

ಈಗ ಕೇಳು. ಮನೆ ನಂಬರ್ ತುಂಬದಿದ್ದರೆ ಮೇಲೆ ಅಂಟಿಸುವ ಚೀಟಿ ಬರುವುದಿಲ್ಲವಂತೆ. ತುಂಬಿದರೆ ಅದು ಅವರ ಫೋನಿನಲ್ಲೂ ಕಾಣುತ್ತದಂತೆ. ಶಾಂತಿ ಎರಡು ಸಲ ನೋಡಿ ಹೇಳಿದಳು. ಇಪ್ಪತ್ತೊಂದನೇ ತಾರೀಕಿನೊಳಗೆ ಕಳಿಸದಿದ್ದರೆ ಆರ್ಡರ್ ತಾನಾಗಿ ರದ್ದಾಗಿ ದುಡ್ಡು ಅವರಿಗೆ ವಾಪಸ್ ಹೋಗುತ್ತದೆ. ಅವರು ಇನ್ನೊಂದು ಸಲ ಕೇಳುವ ಮನುಷ್ಯರಲ್ಲ, ನಿನಗೇ ಗೊತ್ತು.

ಗೈಡನ್ನು ಕಟ್ಟಿ ಇಟ್ಟಿದ್ದೇನೆ. ಹೊಸ ಕಾಗದ, ಎರಡೂ ಮಗ್ಗುಲು ಬಿಳಿ. ತೂಕ ನಾನೂರ ಅರವತ್ತು ಗ್ರಾಂ.

ನಾನು ಕಾಗದ ಹಾಕುವುದು 112/ಎ ಗೆ. ಕತ್ತರಿಸಿದ ಅಂಚಿನಲ್ಲೂ 112/ಎ ಅಂತಲೇ ಇದೆ. ಆದರೂ ನನ್ನ ಕೈಯಿಂದ ತುಂಬುವುದಿಲ್ಲ. ನೀನು ಬಾಗಿಲ ಹತ್ತಿರ ಹೋಗಿ ನಂಬರ್ ಇನ್ನೊಂದು ಸಲ ನೋಡು. ಅದೇ ಹೌದೋ ಅಲ್ಲವೋ, ನಿನ್ನ ಕೈಯಲ್ಲೇ ಬರೆದು ಕಳಿಸು.

ಶಿವನಂಜಮ್ಮ